ಇಸಿ ನಿಲ್, ತೋಟದೊಳಗೆ ಮೂರು ಋಣ: ಕೊಡಗಿನಲ್ಲಿ ಜಾಗ ಕೊಳ್ಳುವ ಮೊದಲು

ನಾನು ಮೊದಲ ಸಲ ತೋಟ ಕೊಂಡಾಗ ಇಸಿ, ಅಂದ್ರೆ ಜಾಗದ ಮೇಲೆ ನೋಂದಣಿ ಆದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, ನಿಲ್ ಬಂದಿತ್ತು. ನಾಪೋಕ್ಲು ಕಡೆ ಎರಡು ಎಕರೆ ಚಿಲ್ಲರೆ ಜಾಗ, ರೋಬಸ್ಟಾ ಗಿಡ, ಮೂಲೆಯಲ್ಲಿ ಒಂದು ಸಣ್ಣ ಕೆರೆ. ಹದಿನೈದು ವರ್ಷದ ಇಸಿ ತೆಗೆಸಿದ್ದೆ, ಅದರಲ್ಲಿ ಒಂದು ಸಾಲೂ ಇರಲಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ನೆಂಟರಿಗೆಲ್ಲ ತೋರಿಸಿದ್ದೂ ಆಯಿತು.

ನೋಂದಣಿ ಆಗಿ ಆರು ತಿಂಗಳೊಳಗೆ ಮೂರು ಋಣ ಒಂದೊಂದಾಗಿ ಎದ್ದು ಬಂದವು. ಮೊದಲನೆಯದು ಸೊಸೈಟಿಯ ಬೆಳೆ ಸಾಲ. ಮಾರಿದವರು ಕೊಟ್ಟಿದ್ದ ಪಹಣಿ ಜೆರಾಕ್ಸ್ ಎರಡು ವರ್ಷ ಹಳೆಯದು, ಸಾಲ ಹತ್ತಿದ್ದು ಅದಾದ ಮೇಲೆ. ಎರಡನೆಯದು ಮೇಲಿನ ತೋಟದವರ ದಾರಿ. ನಾನು ಬೇಲಿ ಹಾಕಲು ಕಂಬ ನೆಟ್ಟ ದಿನವೇ ಅವರ ಮನೆಯ ಹಿರಿಯರು ಬಂದು, ‘ಮೂವತ್ತು ವರ್ಷದಿಂದ ನಮ್ಮ ಜೀಪು ಇಲ್ಲೇ ಹೋಗೋದು’ ಎಂದರು. ಮೂರನೆಯದು ಮರ. ಗಡಿಯಲ್ಲಿದ್ದ ದೊಡ್ಡ ಬೀಟೆ ಮರ ನನ್ನದು ಅಂದುಕೊಂಡಿದ್ದೆ. ಪಹಣಿಯಲ್ಲಿ ‘ಅನ್‌ರಿಡೀಮ್ಡ್’ ಎಂಬ ಪದ ಇತ್ತು. ನಾನು ಅದನ್ನು ಓದಿದ್ದೆ, ಅರ್ಥ ಕೇಳಿರಲಿಲ್ಲ.

ಋಣಭಾರ ಅಂದ್ರೆ ಬ್ಯಾಂಕ್ ಸಾಲ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ನೀವು ದುಡ್ಡು ಕೊಟ್ಟು ಕೊಂಡ ಜಾಗದ ಮೇಲೆ ಬೇರೆಯವರಿಗೆ ಉಳಿದಿರುವ ಯಾವ ಹಿಡಿತವಾದರೂ ಋಣಭಾರವೇ. ಆಧಾರ (ಅಡಮಾನ), ಭೋಗ್ಯ, ಗುತ್ತಿಗೆ, ದಾರಿ, ನೀರಿನ ತೋಡು, ಅಕ್ಕತಂಗಿಯರ ಪಾಲು, ಕೋರ್ಟ್ ಜಪ್ತಿ, ಸರ್ಕಾರದ ಷರತ್ತು, ಎಲ್ಲವೂ ಇದರಲ್ಲಿ ಬರುತ್ತವೆ. ಇವುಗಳಲ್ಲಿ ಇಸಿಗೆ ಕಾಣುವುದು ಅರ್ಧಕ್ಕಿಂತ ಕಡಿಮೆ. ಕೊಡಗಿನಲ್ಲಿ ಇನ್ನೂ ಕಡಿಮೆ. ಅದಕ್ಕೇ ನಾನು ಈಗ ಇಸಿಯಿಂದ ಶುರು ಮಾಡುವುದೇ ಇಲ್ಲ.

ಮೊದಲ ಹೆಜ್ಜೆ: ಪಹಣಿಯನ್ನು ನೀವೇ ತೆಗೆಸಿ

ಮಾರುವವರು ಕೊಡುವ ಜೆರಾಕ್ಸ್ ಮೇಲೆ ನಂಬಿಕೆ ಬೇಡ. ಅವರು ಕೆಟ್ಟವರು ಅಂತಲ್ಲ, ಆ ಕಾಗದ ಹಳೆಯದಾಗಿರುತ್ತದೆ ಅಷ್ಟೆ. ಸರ್ವೆ ನಂಬರ್, ಹಿಸ್ಸಾ ನಂಬರ್, ಗ್ರಾಮದ ಹೆಸರು ಇಸಿದುಕೊಳ್ಳಿ. ಭೂಮಿ ವೆಬ್‌ಸೈಟಿನಲ್ಲಿ ಅಥವಾ ನಾಡಕಚೇರಿಯಲ್ಲಿ ಈ ಸಾಲಿನ ಪಹಣಿ ತೆಗೆಯಿರಿ. ಜೊತೆಗೆ ಹಿಂದಿನ ವರ್ಷಗಳದ್ದನ್ನೂ ತೆಗೆಯಿರಿ.

ಮೊದಲು ವಿಸ್ತೀರ್ಣ ನೋಡಿ. ಕೊಡಗಿನ ಪಹಣಿ ಎಕರೆ-ಸೆಂಟಿನ ಲೆಕ್ಕ. ಮೈಸೂರು, ಹಾಸನದ ಕಡೆಯವರಿಗೆ ಗುಂಟೆ ಓದಿ ಅಭ್ಯಾಸ. 2-20 ಅಂತ ಕಂಡರೆ ಅವರು ಎರಡೂವರೆ ಎಕರೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಾರೆ. ಇಲ್ಲಿ ಅದು ಎರಡು ಎಕರೆ ಇಪ್ಪತ್ತು ಸೆಂಟ್. ಗುಂಟೆಗೆ ತಿರುಗಿಸಿದರೆ ಎರಡು ಎಕರೆ ಎಂಟು ಗುಂಟೆ. ಈಗಿನ ಬೆಲೆಗೆ ಆ ಮೂವತ್ತು ಸೆಂಟಿನ ತಪ್ಪು ಸಣ್ಣದಲ್ಲ. ಖರಾಬು, ಅಂದ್ರೆ ಸಾಗುವಳಿ ಲೆಕ್ಕಕ್ಕೆ ಬಾರದ ಜಾಗ, ಎಷ್ಟು ಕಳೆದಿದ್ದಾರೆ ನೋಡಿ. ‘ಬಿ’ ಖರಾಬು ಅಂದ್ರೆ ದಾರಿ, ತೋಡು, ಹಳ್ಳದಂಥ ಸಾರ್ವಜನಿಕ ಜಾಗ. ಅದಕ್ಕೆ ದುಡ್ಡು ಕೊಡಬೇಡಿ.

ಇನ್ನು ಮೂರು ಕಾಲಂ ಬೆರಳಿಟ್ಟು ಓದಬೇಕು. 9ನೇ ಕಾಲಂನಲ್ಲಿ ಯಾರ ಯಾರ ಹೆಸರಿದೆ. 10ರಲ್ಲಿ ಆ ಹೆಸರು ಹೇಗೆ ಬಂತು: ಕ್ರಯವೋ, ಪೌತಿಯೋ (ತೀರಿಕೊಂಡವರಿಂದ ಬಂದದ್ದೋ), ವಿಭಾಗವೋ, ಮಂಜೂರಾತಿಯೋ. ಪಕ್ಕದಲ್ಲೇ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಇರುತ್ತದೆ. ಆ ಮ್ಯುಟೇಶನ್ ರಿಜಿಸ್ಟರ್ (ಎಂಆರ್) ಪ್ರತಿಯನ್ನೂ ತೆಗೆಸಿ, ಕಥೆ ಇರುವುದು ಅದರಲ್ಲೇ. ಮೂರನೆಯದು 11ನೇ ಕಾಲಂ, ‘ಇತರೆ ಹಕ್ಕುಗಳು ಮತ್ತು ಋಣಗಳು’. ಸೊಸೈಟಿ, ಪಿಎಲ್‌ಡಿ ಬ್ಯಾಂಕ್, ವಾಣಿಜ್ಯ ಬ್ಯಾಂಕ್ ಕೊಟ್ಟ ಕೃಷಿ ಸಾಲ ಇಲ್ಲಿ ಕೂರುತ್ತದೆ. ಕೃಷಿ ಸಾಲಕ್ಕೆ ರೈತ ಬ್ಯಾಂಕಿಗೆ ಒಂದು ಘೋಷಣಾ ಪತ್ರ ಬರೆದುಕೊಟ್ಟರೆ ಸಾಕು, ಜಾಗದ ಮೇಲೆ ಹೊರೆ ಬೀಳುತ್ತದೆ. ಅದಕ್ಕೆ ಆಧಾರ ಪತ್ರದ ನೋಂದಣಿಯೇ ಬೇಕು ಅಂತಿಲ್ಲ. ಹಾಗಾಗಿ ಇಸಿಯಲ್ಲಿ ಕಾಣದ ಸಾಲ ಪಹಣಿಯಲ್ಲಿ ಕಾಣಬಹುದು. ಕೋರ್ಟ್ ತಡೆಯಾಜ್ಞೆ ಇದ್ದರೂ ಎಷ್ಟೋ ಸಲ ಇಲ್ಲೇ ಒಂದು ಸಾಲು ಬರೆದಿರುತ್ತಾರೆ.

ತಿರುಗಾಮುರುಗಾ ಕೂಡ ನಡೆಯುತ್ತದೆ. ಸಾಲ ತೀರಿ ಹತ್ತು ವರ್ಷ ಆಗಿರುತ್ತದೆ, ಹೆಸರು ತೆಗೆಸಿರುವುದಿಲ್ಲ. ‘ಅದು ಯಾವಾಗ್ಲೋ ಕಟ್ಟಿ ಆಯ್ತು’ ಎನ್ನುವ ಮಾತು ಸಾಲದು. ಬ್ಯಾಂಕಿನ ಋಣಮುಕ್ತ ಪತ್ರ ತಂದು 11ನೇ ಕಾಲಂ ಖಾಲಿ ಮಾಡಿಸಿದ ಮೇಲೆ ಮುಂದಿನ ಮಾತು.

ಎರಡನೇ ಹೆಜ್ಜೆ: ಇದು ಯಾವ ಬಗೆಯ ಜಾಗ?

ಬೇರೆ ಜಿಲ್ಲೆಯ ವಕೀಲರು ಎಡವುವುದು ಇಲ್ಲಿ. ಅವರು ಬರೆದ ಅಭಿಪ್ರಾಯ ಹತ್ತು ಪುಟ ಇರುತ್ತದೆ, ‘ಜಮ್ಮಾ’ ಎಂಬ ಪದಕ್ಕೆ ಒಂದು ಸಾಲೂ ಇರುವುದಿಲ್ಲ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ. ಇಲ್ಲಿಯ ಭೂಮಿ 1899ರ ಕೂರ್ಗ್ ಭೂ ಮತ್ತು ಕಂದಾಯ ರೆಗ್ಯುಲೇಶನ್ ಕೆಳಗೆ ಬೆಳೆದು ಬಂದದ್ದು. ಆ ಹಳೆಯ ಪದಗಳು ಇವತ್ತಿಗೂ ಪಹಣಿಯಲ್ಲಿ ಉಳಿದಿವೆ.

ಸಾಗು ಅಂದ್ರೆ ಪೂರ್ತಿ ಕಂದಾಯದ ಜಾಗ. ಕೊಳ್ಳುವವರಿಗೆ ಸುಲಭ. ಜಮ್ಮಾ ಅಂದ್ರೆ ರಾಜರ ಕಾಲದಿಂದ ಒಕ್ಕಗಳಿಗೆ (ಕೊಡಗಿನ ಮನೆತನಗಳಿಗೆ) ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಜಮ್ಮಾ ಗದ್ದೆಗೆ ಅಂಟಿಕೊಂಡ ಗುಡ್ಡೆಯ ಜಾಗವೇ ಬಾಣೆ. ದನ ಮೇಯಿಸಲು, ಸೊಪ್ಪಿಗೆ, ಸೌದೆಗೆ ಅಂತ ಕಂದಾಯ ಇಲ್ಲದೆ ಕೊಟ್ಟದ್ದು. ಈಗ ಆ ಬಾಣೆಗಳಲ್ಲೇ ನಮ್ಮ ಕಾಫಿ ಇರುವುದು. ಬಾಣೆ ಯಾರದ್ದು, ಒಕ್ಕದ್ದೋ ಸರ್ಕಾರದ್ದೋ ಎಂಬ ಜಗಳ ದಶಕಗಟ್ಟಲೆ ಕೋರ್ಟಿನಲ್ಲಿತ್ತು. 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಜಮ್ಮಾ ಬಾಣೆ ಹಿಡಿದವರ ಹಕ್ಕಿಗೆ ದಾರಿ ಮಾಡಿದರು. ಆದರೆ ಕಾನೂನು ಬಂದಷ್ಟು ಬೇಗ ಪಹಣಿಯ ಹೆಸರು ಬದಲಾಗುವುದಿಲ್ಲ, ಅಲ್ವಾ?

ಕಷ್ಟ ಶುರುವಾಗುವುದು ಹೆಸರಲ್ಲೇ. ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೇದಾರನ ಹೆಸರು ಇರುತ್ತದೆ. ಅವರು ಒಕ್ಕದ ಪರವಾಗಿ ಕಂದಾಯ ಕಟ್ಟುತ್ತಿದ್ದ ಹಿರಿಯರು. ತೀರಿಕೊಂಡು ನಲವತ್ತು ವರ್ಷ ಆಗಿರಬಹುದು, ಹೆಸರು ಹಾಗೇ ಇರುತ್ತದೆ. ಅದರ ಕೆಳಗೆ ಇನ್ನೂ ಎಂಟು ಹತ್ತು ಹೆಸರು. ನಿಮಗೆ ಮಾರಲು ಬಂದವರು ಆ ಪಟ್ಟಿಯ ಆರನೆಯವರ ಮಗ. ಬಾಯಿ ಮಾತಿನಲ್ಲಿ ಪಾಲು ಆಗಿದೆ, ಅವರ ತುಂಡನ್ನು ಅವರೇ ಮೂವತ್ತು ವರ್ಷದಿಂದ ನೋಡಿಕೊಂಡಿದ್ದಾರೆ, ಊರಿಗೆಲ್ಲ ಗೊತ್ತು. ಅಷ್ಟಿದ್ದರೂ ಕಾಗದದ ಮೇಲೆ ಅದು ಎಲ್ಲರ ಜಾಗ. ನೀವು ಕೊಳ್ಳುತ್ತಿರುವುದು ಕಾಫಿ ತೋಟವನ್ನಲ್ಲ, ಒಂದು ಒಕ್ಕದ ಜಗಳದಲ್ಲಿ ಒಂದು ಪಾಲನ್ನು.

ಹಾಗಂತ ಜಮ್ಮಾ ಜಾಗ ಮುಟ್ಟಲೇಬೇಡಿ ಅನ್ನುವುದಿಲ್ಲ. ಮೂರು ಕೇಳಿ: ನೋಂದಣಿ ಆದ ವಿಭಾಗ ಪತ್ರ, ಆ ವಿಭಾಗದ ಪ್ರಕಾರ ಪ್ರತ್ಯೇಕ ಹಿಸ್ಸಾ ಆದ ಪಹಣಿ, ಸರ್ವೆಯವರು ಕೊಟ್ಟ ನಕ್ಷೆ. ಮೂರೂ ಇದ್ದರೆ ಮುಂದೆ ಹೋಗಿ. ವಿಭಾಗ ಆಗಿಲ್ಲ ಅಂದ್ರೆ ಒಕ್ಕದ ಹಕ್ಕುದಾರರೆಲ್ಲ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಮಗನಷ್ಟೇ ಪಾಲು. ತಂದೆ ಆಗ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಅಕ್ಕಂದಿರು ಏನೂ ಕೇಳಲ್ಲ’ ಎನ್ನುವವರಿಗೆ ನಾನು ಹೇಳುವುದು ಒಂದೇ: ಹಾಗಾದರೆ ಸಹಿ ಹಾಕಲು ಅವರಿಗೇನು ಕಷ್ಟ? ಒಬ್ಬರು ಕೆನಡಾದಲ್ಲಿದ್ದರೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಲಿ.

ಪೈಸಾರಿ ಅಂದ್ರೆ ಸರ್ಕಾರಿ ಜಾಗ. ತೋಟದ ಅಂಚಿನಲ್ಲಿ ಒಂದೆರಡು ಎಕರೆ ಪೈಸಾರಿ ಸೇರಿಸಿಕೊಂಡು ಕಾಫಿ ಹಾಕಿರುವುದು ಇಲ್ಲಿ ಮನೆಮನೆಯ ಕಥೆ. ಮಾರುವವರು ‘ಐದು ಎಕರೆ ಪಟ್ಟೆ, ಎರಡು ಎಕರೆ ಜೊತೆಗೆ ಬರುತ್ತೆ’ ಎನ್ನುತ್ತಾರೆ. ಆ ಎರಡು ಎಕರೆ ಬರುವುದಿಲ್ಲ. ಅದಕ್ಕೆ ಕ್ರಯಪತ್ರ ಆಗದು, ನಾಳೆ ಸರ್ಕಾರ ಬಿಡಿ ಎಂದರೆ ಬಿಡಬೇಕು. ದೇವರಕಾಡಿನ ಅಂಚೂ ಹಾಗೆಯೇ. ಅರಣ್ಯದ ಕಲ್ಲು ಎಲ್ಲಿದೆ ಎಂದು ಸರ್ವೆಯವರನ್ನು ಕರೆಸಿ ನೋಡದೆ ದುಡ್ಡಿನ ಮಾತು ಬೇಡ.

ಅಕ್ರಮ ಸಾಗುವಳಿ ಸಕ್ರಮ ಆಗಿ ಮಂಜೂರಾದ ಜಾಗವಾದರೆ ಮಂಜೂರಾತಿ ಪತ್ರ ಓದಿ. ಇಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಇರುತ್ತದೆ. ಉಳುವವನಿಗೆ ಭೂಮಿ ಕಾನೂನಿನಲ್ಲಿ ಗೇಣಿದಾರರಿಗೆ ಬಂದ ಜಾಗಕ್ಕೆ 15 ವರ್ಷದ ತಡೆ ಇತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಾಗವಾದರೆ ಇನ್ನೂ ಎಚ್ಚರ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಕ್ರಯವೇ ನಿಲ್ಲದು. ಜಾಗ ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ನಾಲ್ಕು ಕೈ ದಾಟಿ ಬಂದಿದ್ದರೂ ಅಷ್ಟೆ. ಆ ಕಾಯ್ದೆ ಇರಬೇಕಾದದ್ದೇ, ಆ ಜಾಗಗಳನ್ನು ಹೇಗೆ ಬರೆಸಿಕೊಂಡರು ಅಂತ ಊರಿನವರಿಗೆಲ್ಲ ಗೊತ್ತು. ಇಂಥ ಜಾಗ ಕೊಂಡವರ ಮೇಲೆ ನನಗೆ ಕನಿಕರ ಕಡಿಮೆ.

ಈಗ ಮರ. ಕೊಡಗಿನ ಪಹಣಿಯಲ್ಲಿ ‘ರಿಡೀಮ್ಡ್’ ‘ಅನ್‌ರಿಡೀಮ್ಡ್’ ಎಂಬ ಎರಡು ಪದ ಹುಡುಕಿ. ಹಿಂದೆ ಜಾಗ ಕೊಡುವಾಗ ಅದರಲ್ಲಿದ್ದ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ರಿಡೀಮ್ಡ್. ಕಟ್ಟದಿದ್ದರೆ ಅನ್‌ರಿಡೀಮ್ಡ್, ಅಂದ್ರೆ ಜಾಗ ನಿಮ್ಮದು, ಬೆಲೆಬಾಳುವ ಮರ ಸರ್ಕಾರದ್ದು. ಬೀಟೆ, ತೇಗ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿ ಎಕರೆಗೆ ಎರಡು ಲಕ್ಷ ಜಾಸ್ತಿ ಕೊಟ್ಟವರನ್ನು ನಾನು ಕಂಡಿದ್ದೇನೆ. ಒಬ್ಬರಂತೂ ಕನ್ನಡಿಯಲ್ಲೇ ಕಾಣುತ್ತಾರೆ. ನನ್ನ ಆ ಬೀಟೆ ಮರ ಈಗಲೂ ಅಲ್ಲೇ ನಿಂತಿದೆ. ನೆರಳು ನನ್ನದು, ದಿಮ್ಮಿ ಸರ್ಕಾರದ್ದು.

ಮೂರನೇ ಹೆಜ್ಜೆ: ಈಗ ಇಸಿ

ಕಾವೇರಿ ವೆಬ್‌ಸೈಟಿನಲ್ಲಿ ಲಾಗಿನ್ ಮಾಡಿ, ಜಿಲ್ಲೆ, ಗ್ರಾಮ, ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಹಾಕಿ, ಶುಲ್ಕ ಕಟ್ಟಿದರೆ ಇಸಿ ಸಿಗುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಎಲ್ಲರೂ ‘ನಿಲ್’ ಅನ್ನುವುದು ಈ ಹದಿನಾರಕ್ಕೆ. ನನ್ನ ಕೇಳಿದರೆ ತೋಟದ ಜಾಗಕ್ಕೆ ನಿಲ್ ಬಂದರೆ ಸಂತೋಷಕ್ಕಿಂತ ಅನುಮಾನ ಪಡಬೇಕು. ಮೂವತ್ತು ವರ್ಷ ಒಂದು ವಿಭಾಗ ಇಲ್ಲ, ಒಂದು ಸಾಲ ಇಲ್ಲ, ಒಂದು ಕ್ರಯ ಇಲ್ಲ ಅಂದ್ರೆ ಒಂದೋ ಅದು ಹಾಗೇ ಬಿದ್ದಿರುವ ಒಕ್ಕದ ಜಾಗ, ಇಲ್ಲವೇ ನೀವು ತಪ್ಪು ನಂಬರ್ ಹಾಕಿ ಹುಡುಕಿದ್ದೀರಿ.

ಎಷ್ಟು ವರ್ಷದ್ದು ತೆಗೆಯಬೇಕು? ಹದಿಮೂರು, ಹದಿನೈದು ಅಂತ ಬ್ಯಾಂಕಿನವರು ಕೇಳುವುದು ಅವರ ಅನುಕೂಲಕ್ಕೆ. ನೀವು 30 ವರ್ಷದ್ದು ತೆಗೆಸಿ. ಆಧಾರ ಇಟ್ಟ ಜಾಗವನ್ನು ಬಿಡಿಸಿಕೊಳ್ಳಲು ಕಾಲಮಿತಿ ಕಾಯ್ದೆ ಕೊಡುವ ಅವಧಿ 30 ವರ್ಷ, ಆ ಲೆಕ್ಕದಿಂದ ಬಂದ ಸಂಖ್ಯೆ ಇದು. ಭೋಗ್ಯಕ್ಕಾದರೆ ಅದೂ ಸಾಲದು. ಜಾಗ ಸಾಲ ಕೊಟ್ಟವನ ಕೈಗೆ ಕೊಟ್ಟು, ಫಸಲು ತಿನ್ನಲು ಬಿಟ್ಟ ಭೋಗ್ಯದಲ್ಲಿ ಬರೀ 30 ವರ್ಷ ಕಳೆದ ಮಾತ್ರಕ್ಕೆ ಮೂಲ ಮಾಲೀಕನ ಹಕ್ಕು ಸಾಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಜ್ಜನ ಕಾಲದಲ್ಲಿ ‘ಭೋಗ್ಯಕ್ಕೆ ಬಂದದ್ದು, ಆಮೇಲೆ ನಮ್ಮದೇ ಆಯ್ತು’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿ.

ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್ ಈಚೆಗಿನದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆ ಸೂಚಿ ಪುಸ್ತಕವನ್ನೇ ಹುಡುಕಿಸಬೇಕು. ಗ್ರಾಮ ನಡುವೆ ಯಾವಾಗಲಾದರೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸೇರಿದ್ದರೆ ಎರಡೂ ಕಡೆ ಕೇಳಿ. ದಿನಗಟ್ಟಲೆ ಹಿಡಿಯುವ ಕೆಲಸ, ಸುಮ್ನೆ ಸಿಟ್ಟಾಗಿ ಪ್ರಯೋಜನ ಇಲ್ಲ.

ಸರ್ವೆ ನಂಬರಿನ ಒಂದು ತೊಡಕು ಹೇಳುತ್ತೇನೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಈಗ ಜಾಗ 42/3 ಅಂತ ಇಟ್ಟುಕೊಳ್ಳಿ. ಪೋಡಿ ಆಗುವ, ಅಂದ್ರೆ ಸರ್ವೆ ನಂಬರನ್ನು ಅಳೆದು ತುಂಡು ಮಾಡುವ, ಮೊದಲು ಅದು ಬರೀ 42. 1998ರಲ್ಲಿ ಬರೆದ ಆಧಾರ ಪತ್ರದಲ್ಲಿ 42 ಅಂತಲೇ ಇರುತ್ತದೆ. ನೀವು 42/3 ಹಾಕಿ ಹುಡುಕಿದರೆ ಅದು ಸಿಗದೇ ಹೋಗಬಹುದು, ನಿಲ್ ಬಂದುಬಿಡುತ್ತದೆ. ಇಸಿ ನೀವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಹಾಗಾಗಿ ಎರಡು ನಂಬರಿಗೂ ಬೇರೆ ಬೇರೆ ಇಸಿ ತೆಗೆಯಿರಿ. ಮಾರುವವರ ಹೆಸರು, ಅವರ ತಂದೆಯ ಹೆಸರು ಹಾಕಿಯೂ ಹುಡುಕಿಸಿ. ಮನೆತನದ ಹೆಸರು ಮುಂದೆ, ಹಿಂದೆ, ಇನಿಶಿಯಲ್ ಮಾತ್ರ, ಹೀಗೆ ಒಬ್ಬರೇ ಮೂರು ಥರ ಬರೆದಿರುತ್ತಾರೆ.

ಬಂದ ಇಸಿಯನ್ನು ಹಳೆಯದರಿಂದ ಹೊಸದಕ್ಕೆ ಓದಿ. ಪ್ರತಿ ಸಾಲಿನಲ್ಲಿ ದಿನಾಂಕ, ಪತ್ರದ ಬಗೆ, ಬರೆದುಕೊಟ್ಟವರು, ಬರೆಸಿಕೊಂಡವರು, ಮೊತ್ತ ಇರುತ್ತದೆ. ಒಂದು ಬಿಳಿ ಹಾಳೆಯಲ್ಲಿ ಜೋಡಿ ಮಾಡುತ್ತಾ ಹೋಗಿ. ಆಧಾರ ಕಂಡರೆ ಅದರ ಬಿಡುಗಡೆ ಪತ್ರ ಎಲ್ಲಿ? ಕ್ರಯದ ಕರಾರು ಕಂಡರೆ ಅದು ಕ್ರಯವಾಗಿ ಮುಗಿಯಿತೋ, ರದ್ದು ಪತ್ರ ಇದೆಯೋ? ಜೋಡಿ ಸಿಗದೆ ಒಂಟಿಯಾಗಿ ಉಳಿದ ಪ್ರತಿ ಸಾಲೂ ಒಂದು ಪ್ರಶ್ನೆ. ಆ ಪತ್ರದ ದೃಢೀಕೃತ ನಕಲು ತೆಗೆಸಿ ಓದಿ, ಇಸಿಯ ಒಂದು ಸಾಲಿನಿಂದ ಷರತ್ತು ಗೊತ್ತಾಗುವುದಿಲ್ಲ. ದಾನಪತ್ರ ಅಂತ ಇರುವುದರ ಒಳಗೆ ‘ನಮ್ಮ ಜೀವಿತಕಾಲ ಫಸಲು ನಮಗೆ’ ಎಂದು ತಂದೆತಾಯಿ ಬರೆಸಿರಬಹುದು. ಮಗ ಮಾರಿದರೂ ಕಾಫಿ ಕೊಯ್ಯುವ ಹಕ್ಕು ಅವರದ್ದೇ.

ನಾಲ್ಕನೇ ಹೆಜ್ಜೆ: ಇಸಿಗೆ ಕಾಣದ್ದನ್ನು ಹುಡುಕುವುದು

ನೋಂದಣಿ ಕಚೇರಿಯಲ್ಲಿ ಪತ್ರಗಳು ಬೇರೆ ಬೇರೆ ಪುಸ್ತಕಕ್ಕೆ ಹೋಗುತ್ತವೆ. ಇಸಿ ಬರುವುದು 1ನೇ ಪುಸ್ತಕದಿಂದ. ಉಯಿಲು 3ನೇ ಪುಸ್ತಕ. ಪವರ್ ಆಫ್ ಅಟಾರ್ನಿ ಸಾಮಾನ್ಯವಾಗಿ 4ನೇ ಪುಸ್ತಕ. ಅಂದ್ರೆ ಅಜ್ಜಿ ಉಯಿಲಿನಲ್ಲಿ ತೋಟವನ್ನು ಕಿರಿಮಗಳಿಗೆ ಬರೆದಿದ್ದರೆ, ಅದು ನೋಂದಣಿ ಆಗಿದ್ದರೂ ಇಸಿಯಲ್ಲಿ ಬರದು. ನೋಂದಣಿಯೇ ಆಗದ ಕರಾರು, ಛಾಪಾ ಕಾಗದದ ಮುಂಗಡ ರಶೀದಿ, ಇವುಗಳ ಮಾತು ಬೇಡವೇ ಬೇಡ. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಹಿಡಿದು ‘ನಾನೇ ಮಾಲೀಕ’ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಿ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಮಾಡಿದೆ.

ಮೂಲ ಪತ್ರ ಕೇಳಿ, ಕಣ್ಣಾರೆ ನೋಡಿ. ಜಾಗದ ಮೂಲ ಪತ್ರಗಳನ್ನು ಬ್ಯಾಂಕಿಗೆ ಕೊಟ್ಟು ಸಾಲ ತಂದರೆ ಅದೂ ಒಂದು ಬಗೆಯ ಆಧಾರವೇ. ಬರೀ ಪತ್ರ ಒಪ್ಪಿಸಿದ್ದಕ್ಕೆ ನೋಂದಣಿ ಕಡ್ಡಾಯವಲ್ಲ. ‘ಮೂಲ ಪತ್ರ ಮನೆ ಬದಲಿಸುವಾಗ ಕಳೆದುಹೋಯಿತು’ ಅಂದ್ರೆ ಸೆರ್ಸಾಯಿ ಎಂಬ ಕೇಂದ್ರ ನೋಂದಣಿ ವೆಬ್‌ಸೈಟಿನಲ್ಲಿ ಹುಡುಕಿ. ಬ್ಯಾಂಕುಗಳು ಆಧಾರದ ವಿವರ ದಾಖಲಿಸುವುದು ಅಲ್ಲಿ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಆಮೇಲೆ ಊರಿನ ಸೊಸೈಟಿ, ಡಿಸಿಸಿ ಬ್ಯಾಂಕ್ ಶಾಖೆ, ಪಿಎಲ್‌ಡಿ ಬ್ಯಾಂಕ್‌ನಿಂದ ಬಾಕಿ ಇಲ್ಲ ಎಂಬ ಪತ್ರ ತರಲು ಮಾರುವವರಿಗೇ ಹೇಳಿ. ನೀವು ಕೇಳಿದರೆ ಕೊಡುವುದಿಲ್ಲ.

ಕೋರ್ಟ್. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕೊಡಗು ಜಿಲ್ಲೆ ಆರಿಸಿ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಸಿವಿಲ್ ಕೋರ್ಟುಗಳಲ್ಲಿ ಮಾರುವವರ ಮನೆತನದ ಹೆಸರು ಹಾಕಿ ಹುಡುಕಿ. ವಿಭಾಗದ ದಾವೆ ನಡೆಯುತ್ತಿರುವಾಗ ಕೊಂಡರೆ, ನಿಮಗೆ ಗೊತ್ತಿರಲಿ ಬಿಡಲಿ, ಕೊನೆಯ ತೀರ್ಪು ನಿಮಗೂ ಅಂಟುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಹೇಳುವುದು ಅದನ್ನೇ. ಉಪವಿಭಾಗಾಧಿಕಾರಿ, ತಹಶೀಲ್ದಾರ್ ಮುಂದಿರುವ ಕಂದಾಯ ಕೇಸುಗಳು ಅಲ್ಲಿ ಕಾಣವು, ಬೇರೆಯಾಗಿ ವಿಚಾರಿಸಬೇಕು.

ಐದನೇ ಹೆಜ್ಜೆ: ತೋಟದಲ್ಲಿ ನಡೆಯಿರಿ

ಕಾಗದ ಎಲ್ಲ ಆದ ಮೇಲೆ ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ಬ್ರೋಕರ್ ಜೊತೆ ಬೇಡ. ಮಳೆಗಾಲವಾದರೆ ಇನ್ನೂ ಒಳ್ಳೆಯದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ತಾನೇ ತೋರಿಸುತ್ತದೆ. ಬೂಟು, ಜಿಗಣೆಗೆ ಉಪ್ಪು ಮರೆಯಬೇಡಿ.

ನೆಲ ನೋಡಿ. ಕಾಫಿ ಸಾಲಿನ ನಡುವೆ ಹುಲ್ಲು ಬೆಳೆಯದ ಒಂದು ಪಟ್ಟಿ ಇದೆಯಾ? ಅದು ಕಾಲುದಾರಿ. ಜೀಪಿನ ಎರಡು ಗಾಲಿಯ ಗುರುತು ನಿಮ್ಮ ಗಡಿ ದಾಟಿ ಮೇಲಿನ ಗುಡ್ಡೆಗೆ ಹೋಗುತ್ತಿದ್ದರೆ ಅಲ್ಲೊಂದು ಮನೆ ಇದೆ, ಅವರಿಗೆ ಬೇರೆ ದಾರಿ ಇಲ್ಲ. ಇಪ್ಪತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ, ಹಕ್ಕಿನಂತೆ ಓಡಾಡಿದ ದಾರಿ 1882ರ ಅನುಭೋಗ ಹಕ್ಕಿನ ಕಾಯ್ದೆ ಪ್ರಕಾರ ಹಕ್ಕೇ ಆಗಿಬಿಡುತ್ತದೆ. ಅದಕ್ಕೆ ಪತ್ರ ಬೇಡ, ನೋಂದಣಿ ಬೇಡ. ಗದ್ದೆಗೆ ಹೋಗುವ ನೀರಿನ ತೋಡಿಗೂ ಇದೇ ಮಾತು. ನಿಮ್ಮ ಜಾಗಕ್ಕೇ ದಾರಿ ಇದೆಯಾ ಅಂತಲೂ ನೋಡಿ. ಪಕ್ಕದವರ ತೋಟದಲ್ಲಿ ಹಾದು ಬಂದಿದ್ದರೆ ಅದು ಅವರ ದಯೆಯೋ, ನಿಮ್ಮ ಹಕ್ಕೋ?

ಗಡಿಯ ಮೂಲೆಯಲ್ಲಿ ಸಣ್ಣ ಗುಡಿಯಂಥದ್ದು, ಒಳಗೆ ದೀಪ, ಕಲ್ಲು ಇದ್ದರೆ ಅದು ಕೈಮಡ ಇರಬಹುದು, ಒಕ್ಕದ ಕಾರೋಣನ ಜಾಗ. ವರ್ಷಕ್ಕೊಮ್ಮೆ ಮನೆತನದವರೆಲ್ಲ ಅಲ್ಲಿಗೆ ಬಂದು ಎಡೆ ಇಡುತ್ತಾರೆ. ಜಾಗ ಮಾರಿದರೂ ಆ ನಡೆ ನಿಲ್ಲುವುದಿಲ್ಲ, ನಿಲ್ಲಿಸಲು ಹೋಗಲೂಬಾರದು. ಹಿರಿಯರನ್ನು ಹೂತ ತೂಟಂಗಳ ಹತ್ತಿರ ಇದ್ದರೂ ಹಾಗೇ. ಇವೆಲ್ಲ ಎಷ್ಟು ಸೆಂಟ್, ಯಾರು ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಅಂತ ಕ್ರಯಪತ್ರದಲ್ಲೇ ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ. ಬಿಟ್ಟುಕೊಟ್ಟ ಜಾಗವನ್ನು ವಿಸ್ತೀರ್ಣದಿಂದ ಕಳೆಯಿರಿ.

ಲೈನ್ ಮನೆಗಳಲ್ಲಿ ಯಾರಿದ್ದಾರೆ? ಈ ವರ್ಷದ ಕೆಲಸದವರೋ, ಮೂರು ತಲೆಮಾರಿನಿಂದ ಇರುವವರೋ? ಕೂತು ಮಾತಾಡಿ. ಕರೆಂಟ್ ಬಿಲ್, ರೇಷನ್ ಕಾರ್ಡ್ ಯಾವ ವಿಳಾಸದಲ್ಲಿವೆ ಕೇಳಿ. ಅವರನ್ನು ಏಳಿಸುತ್ತೇವೆ ಎಂದು ಮಾರುವವರು ಸುಲಭವಾಗಿ ಮಾತು ಕೊಡುತ್ತಾರೆ. ಆ ಕೆಲಸ ಸುಲಭವೂ ಅಲ್ಲ, ಎಷ್ಟೋ ಸಲ ನ್ಯಾಯವೂ ಅಲ್ಲ.

ಕರಿಮೆಣಸಿನ ಬಳ್ಳಿ ನೋಡಿ ಖುಷಿಪಡುವ ಮೊದಲು ಫಸಲು ಗುತ್ತಿಗೆ ಕೊಟ್ಟಿದ್ದಾರಾ ಕೇಳಿ. ಬಳ್ಳಿಯ ಮೇಲಿರುವಾಗಲೇ ವ್ಯಾಪಾರಿಗೆ ಮಾರಿ ದುಡ್ಡು ತೆಗೆದುಕೊಂಡಿರುವುದು ಮಾಮೂಲು. ಹನ್ನೊಂದು ತಿಂಗಳ ಕರಾರಾದರೆ ನೋಂದಣಿ ಬೇಡ, ಹಾಗಾಗಿ ಇಸಿಯಲ್ಲಿ ಇಲ್ಲ. ಡಿಸೆಂಬರಿನಲ್ಲಿ ನೀವು ತೋಟ ಕೊಂಡು, ಫೆಬ್ರವರಿಯಲ್ಲಿ ಇನ್ಯಾರೋ ಏಣಿ ಹಿಡಿದು ಬಂದರೆ ನೋಡಲು ಚೆನ್ನಾಗಿರುವುದಿಲ್ಲ.

ಊರಿನಲ್ಲಿ ಮಾತಾಡಿ. ಸಂತೆ ದಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ‘ಇಂಥ ಜಾಗ ನೋಡಿದ್ವಿ’ ಅಂದ್ರೆ ಸಾಕು. ಅರ್ಧ ಸುಳ್ಳಿರಬಹುದು, ಆದರೆ ಯಾವ ತಂಗಿ ಮುನಿಸಿಕೊಂಡಿದ್ದಾಳೆ ಎಂಬ ಸುದ್ದಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುವುದಿಲ್ಲ.

ಆರನೇ ಹೆಜ್ಜೆ: ದುಡ್ಡು ಕೊಡುವ ಕ್ರಮ

ಇಲ್ಲಿಯವರೆಗೆ ಬಂದ ಮೇಲೆ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಡಿ: ಇಂಥ ಸರ್ವೆ ನಂಬರಿನ ಜಾಗ ಕೊಳ್ಳುತ್ತಿದ್ದೇವೆ, ತಕರಾರು ಇದ್ದವರು ಇಷ್ಟು ದಿನದೊಳಗೆ ತಿಳಿಸಿ ಅಂತ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯಲ್ಲಿ ಹಾಕಿದರೆ ಇಲ್ಲಿ ಯಾರೂ ನೋಡುವುದಿಲ್ಲ. ಕೊಡಗಿನವರು ಬೆಳಿಗ್ಗೆ ಎದ್ದು ಓದುವ ‘ಶಕ್ತಿ’ಯಂಥ ಸ್ಥಳೀಯ ದಿನಪತ್ರಿಕೆಯಲ್ಲಿ ಹಾಕಿ.

ಮುಂಗಡ ಕೊಡುವಾಗ ಕರಾರನ್ನು ನೋಂದಣಿ ಮಾಡಿಸಿ. ಆಗ ಇಸಿಯಲ್ಲಿ ನಿಮ್ಮ ಸಾಲು ಬೀಳುತ್ತದೆ, ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಕರಾರಿನಲ್ಲಿ ಸಾಲಗಳ ಪಟ್ಟಿ, ಯಾರು ಯಾವಾಗ ತೀರಿಸಬೇಕು, ಬಿಟ್ಟುಹೋದ ಋಣ ಆಮೇಲೆ ಹೊರಬಂದರೆ ಮಾರಿದವರೇ ಭರಿಸಬೇಕು ಎಂಬ ಮಾತು ಇರಲಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಅಂದ್ರೆ ಆ ಭಾಗವನ್ನು ಅಳೆದು ಸರ್ವೆಯವರು ಕೊಡುವ ನಕ್ಷೆ, ಆಗದೆ ಕ್ರಯ ನೋಂದಣಿ ಆಗುವುದಿಲ್ಲ. ಅದಕ್ಕೆ ಹಿಡಿಯುವ ಸಮಯವನ್ನೂ ಕರಾರಿನ ಅವಧಿಗೆ ಸೇರಿಸಿ.

ಬ್ಯಾಂಕ್ ಸಾಲ ಇರುವ ಜಾಗವನ್ನೂ ಕೊಳ್ಳಬಹುದು, ಹೆದರಬೇಕಿಲ್ಲ. ಬಾಕಿ ಎಷ್ಟು ಎಂದು ಬ್ಯಾಂಕಿನಿಂದ ಲಿಖಿತವಾಗಿ ತರಿಸಿ. ಆ ಮೊತ್ತವನ್ನು ಮಾರುವವರ ಕೈಗೆ ಕೊಡಬೇಡಿ. ಅವರ ಸಾಲದ ಖಾತೆಯ ಹೆಸರಿಗೇ ಡಿಡಿ ತೆಗೆದು, ಮ್ಯಾನೇಜರ್ ಎದುರಿಗೆ ಕಟ್ಟಿ. ಮೂಲ ಪತ್ರ, ಋಣಮುಕ್ತ ಪತ್ರ ಪಡೆದು, ನೋಂದಣಿ ಆದ ಆಧಾರವಾಗಿದ್ದರೆ ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಿ, 11ನೇ ಕಾಲಂನಿಂದ ಹೆಸರು ತೆಗೆಸಿ. ಉಳಿದ ದುಡ್ಡು ಆಮೇಲೆ. ‘ಇವತ್ತು ರಿಜಿಸ್ಟರ್ ಆಗಲಿ, ಸೋಮವಾರ ಬ್ಯಾಂಕಿಗೆ ಹೋಗೋಣ’ ಎನ್ನುವ ಸೋಮವಾರ ನನಗೆ ಇನ್ನೂ ಬಂದಿಲ್ಲ. ಆ ಸೊಸೈಟಿ ಸಾಲವನ್ನು ಕೊನೆಗೆ ನಾನೇ ಕಟ್ಟಿದೆ.

ಕ್ರಯದ ದಿನ ಬೆಳಿಗ್ಗೆ ಹೊಸದಾಗಿ ಇಸಿ ಮತ್ತು ಪಹಣಿ ತೆಗೆಯಿರಿ. ಕರಾರಿನಿಂದ ಕ್ರಯದವರೆಗಿನ ನಾಲ್ಕು ತಿಂಗಳಲ್ಲಿ ಏನು ಬೇಕಾದರೂ ಆಗಿರಬಹುದು. ಕ್ರಯವಾಗಿ ಖಾತೆ ಬದಲಾದ ಮೇಲೆ ಇನ್ನೊಮ್ಮೆ ಎರಡನ್ನೂ ತೆಗೆದು, 9ರಲ್ಲಿ ನಿಮ್ಮ ಹೆಸರು ಸರಿಯಾಗಿ ಬಂದಿದೆಯಾ, 11 ಖಾಲಿ ಇದೆಯಾ ನೋಡಿ. ಇನಿಶಿಯಲ್ ತಪ್ಪಿದ್ದರೂ ಆಗಲೇ ತಿದ್ದಿಸಿ.

ಮೇಲಿನ ತೋಟದವರ ದಾರಿಯ ವಿಷಯ ಕೋರ್ಟಿಗೆ ಹೋಗಲಿಲ್ಲ. ಹತ್ತು ಅಡಿ ಅಗಲ ಬಿಟ್ಟು ಬೇಲಿ ಹಾಕಿದೆ, ದನ ನುಗ್ಗದಂತೆ ಎರಡು ಕಡೆ ಉಣುಗೋಲು ಇಟ್ಟೆವು. ಅದರ ಅಳತೆ ಹಾಕಿ ಇಬ್ಬರೂ ಒಂದು ಪತ್ರ ಬರೆದು ನೋಂದಣಿ ಮಾಡಿಸಿದ್ದೇವೆ. ನನ್ನ ಜಾಗದ ಇಸಿ ಈಗ ನಿಲ್ ಬರುವುದಿಲ್ಲ.